ಔಷಧಿ ‘ಮೈಗೆ ಒಗ್ಗೋಗಿದೆ’ ಅಂತಾರಲ್ಲ, ಅದರ ಬಗ್ಗೆ ಒಂದಿಷ್ಟು

ಚಿಕ್ಕಮ್ಮಂಗೆ ಹೊಟ್ಟೆ ಆಪರೇಷನ್ ಆಗಿ ಐದನೇ ದಿನ ಮತ್ತೆ ಜ್ವರ ಶುರುವಾಯ್ತು. ಗಾಯದ ಕೀವು ತಗೊಂಡು, ಅದರಲ್ಲಿರೋ ಬ್ಯಾಕ್ಟೀರಿಯಾನ ಲ್ಯಾಬಲ್ಲಿ ಬೆಳೆಸಿ ನೋಡೋಕೆ ಕಲ್ಚರ್‌ಗೆ ಕಳಿಸಿದ್ರು, ಎರಡು ದಿನ ಬಿಟ್ಟು ರಿಪೋರ್ಟ್ ಬಂತು. ಅಂಥ ರಿಪೋರ್ಟ್ ನಾನು ಅಲ್ಲೀತನಕ ನೋಡೇ ಇರ್ಲಿಲ್ಲ. ಮೇಲ್ಗಡೆ ಕ್ಲೆಬ್ಸಿಯೆಲ್ಲಾ ಅಂತ ಬ್ಯಾಕ್ಟೀರಿಯಾದ ಹೆಸರು, ಕೆಳಗೆ ಹದಿನೈದೋ ಹದಿನಾರೋ ಆಂಟಿಬಯಾಟಿಕ್, ಅಂದ್ರೆ ಬ್ಯಾಕ್ಟೀರಿಯಾ ವಿರುದ್ಧದ ಔಷಧಿ, ಸಾಲಾಗಿ, ಒಂದೊಂದರ ಮುಂದೆ ಒಂದೊಂದು ಅಕ್ಷರ. ಎಸ್ ಅಂತಿದ್ರೆ ಆ ಔಷಧಿಗೆ ಬಗ್ಗುತ್ತೆ, ಆರ್ ಅಂತಿದ್ರೆ ಬಗ್ಗಲ್ಲ. ಬೆರಳಿಟ್ಕೊಂಡು ಕೆಳಗೆ ಬಂದೆ. ಆರ್, ಆರ್, ಆರ್, ಮೆರೋಪೆನೆಮ್ ಅನ್ನೋ ದೊಡ್ಡ ಔಷಧಿ ಮುಂದೇನೂ ಆರ್. ಕಟ್ಟಕಡೇಲಿ ಕೊಲಿಸ್ಟಿನ್ ಮುಂದೆ ಮಾತ್ರ ಐ ಅಂತಿತ್ತು, ಅಂದ್ರೆ ಇಂಟರ್ಮೀಡಿಯೆಟ್, ಅತ್ಲಾಗೂ ಇಲ್ಲ ಇತ್ಲಾಗೂ ಇಲ್ಲ.

ನೋಡೋಕೆ ಬಂದೋರೆಲ್ಲಾ ಹೇಳಿದ್ದು ಒಂದೇ ಮಾತು, ‘ಮುಂಚೆ ಸಿಕ್ಕಾಪಟ್ಟೆ ಮಾತ್ರೆ ನುಂಗಿರ್ಬೇಕು, ಮೈಗೆ ಒಗ್ಗೋಗಿದೆ’ ಅಂತ. ಚಿಕ್ಕಮ್ಮ ತಲೆನೋವಿಗೂ ಮಾತ್ರೆ ತಗೊಳ್ಳೋರಲ್ಲ. ಪಾಪ, ಗಾಯದ ನೋವಿನ ಜೊತೆ ಈ ಮಾತೂ ಕೇಳ್ಕೊಂಡು ಸುಮ್ನೆ ಮಲಗಿದ್ರು. ನನಗೆ ಕೋಪ ಬಂದಿದ್ದು ಅಲ್ಲೇ.

ಒಗ್ಗೋದು ನಮ್ಮ ಮೈಗಲ್ಲ ಕಣ್ರೀ, ಬ್ಯಾಕ್ಟೀರಿಯಾಗೆ. ಕರುಳಲ್ಲಿರೋ ಇ-ಕೊಲೈ ಥರದ ಬ್ಯಾಕ್ಟೀರಿಯಾ ಅನುಕೂಲ ಇದ್ರೆ 20 ನಿಮಿಷಕ್ಕೊಂದ್ಸಲ ಒಂದು ಎರಡಾಗುತ್ತೆ. ಔಷಧಿ ಬಿದ್ದಾಗ ಮೆತ್ತಗಿರೋವೆಲ್ಲಾ ಸಾಯುತ್ವೆ, ತಡ್ಕೊಂಡಿದ್ದು ಉಳ್ಕೊಂಡು ಖಾಲಿಯಾದ ಜಾಗ ಪೂರ್ತಿ ತನ್ನದು ಮಾಡ್ಕೊಳ್ಳುತ್ತೆ. ಕೆಲವು ಬ್ಯಾಕ್ಟೀರಿಯಾ ಔಷಧೀನ ಒಳಗೆ ಬರೋಕೇ ಬಿಡಲ್ಲ, ಕೆಲವು ಬಂದಿದ್ದನ್ನ ಪಂಪ್ ಮಾಡಿ ಆಚೆ ಹಾಕುತ್ವೆ, ಇನ್ನು ಕೆಲವು ಔಷಧೀನೇ ಕತ್ತರಿಸಿ ಹಾಕೋ ಕಿಣ್ವ ಮಾಡ್ಕೊಂಡಿರುತ್ವೆ. ಅದಕ್ಕಿಂತ ಕೆಟ್ಟದ್ದು ಏನಂದ್ರೆ ಈ ವಿದ್ಯೆ ಪ್ಲಾಸ್ಮಿಡ್ ಅನ್ನೋ ಚಿಕ್ಕ ಡಿಎನ್‌ಎ ಉಂಗುರದಲ್ಲಿ ಇದ್ರೆ, ಪರೀಕ್ಷೆ ಹಾಲ್‌ನಲ್ಲಿ ಚೀಟಿ ದಾಟಿಸೋ ಹಂಗೆ ಪಕ್ಕದ್ದಕ್ಕೆ ದಾಟಿಸಿಬಿಡುತ್ತೆ, ಪಕ್ಕದ್ದು ಬೇರೆ ಜಾತಿ ಬ್ಯಾಕ್ಟೀರಿಯಾ ಆದ್ರೂ ಸರಿ. ಹಂಗಾಗಿ ಒಂದು ಮಾತ್ರೇನೂ ಮುಟ್ಟದೋರ ಮೈಗೂ ಇದು ಬರುತ್ತೆ.

ಎಲ್ಲಿಂದ ಬರುತ್ತೆ ಅಂತ ಕೇಳಿದ್ರೆ ಒಂದು ದಾರಿ ಆಸ್ಪತ್ರೇನೇ. ಅಮೆರಿಕದ ಬೆಥೆಸ್ಡಾದಲ್ಲಿ ಅಲ್ಲಿನ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆಯಾದ ಎನ್‌ಐಎಚ್‌ನ ಆಸ್ಪತ್ರೆ ಇದೆ, ಸೌಲಭ್ಯಕ್ಕೇನೂ ಕಮ್ಮಿ ಇಲ್ಲ. 2011ರ ಜೂನ್‌ನಲ್ಲಿ ಅಲ್ಲಿಗೆ ಇದೇ ಕ್ಲೆಬ್ಸಿಯೆಲ್ಲಾ ಇದ್ದ ಒಬ್ಬ ರೋಗಿ ಬಂದ್ರು, ಬೇರೆ ಇಟ್ಟು ಎಚ್ಚರಿಕೆಯಿಂದ ನೋಡ್ಕೊಂಡ್ರು, ಅವರು ಡಿಸ್ಚಾರ್ಜ್ ಆಗಿ ಹೋಗಿ ಮೂರು ವಾರ ಎಲ್ಲಾ ಶಾಂತ. ಆಮೇಲೆ ಆಗಸ್ಟ್‌ನಲ್ಲಿ ಇನ್ನೊಬ್ಬರಲ್ಲಿ ಕಾಣಿಸ್ತು, ಆಮೇಲೆ ಮತ್ತೊಬ್ಬರು, ಕೊನೆಗೆ ಒಟ್ಟು 18 ಜನ. ಅದರಲ್ಲಿ 11 ಜನ ತೀರ್ಕೊಂಡ್ರು, 6 ಜನರ ಸಾವಿಗೆ ಈ ಸೋಂಕೇ ಕಾರಣ ಅಂತ ಆಯ್ತು. ಬ್ಯಾಕ್ಟೀರಿಯಾದ ಜೀನೋಮ್, ಅಂದ್ರೆ ಪೂರ್ತಿ ಡಿಎನ್‌ಎ, ಓದಿ ನೋಡಿದ್ರೆ ಎಲ್ಲಾ ಮೊದಲನೇ ರೋಗಿಯಿಂದಾನೇ ಹರಡಿದ್ದು. ಮಧ್ಯದ ವಾರಗಳಲ್ಲಿ ಯಾವ ಲಕ್ಷಣಾನೂ ಇಲ್ಲದ ರೋಗಿಗಳ ಕರುಳಲ್ಲಿ ಸದ್ದಿಲ್ದೆ ಕೂತಿತ್ತು. ಸಿಂಕ್‌ನ ಡ್ರೈನ್‌ನಲ್ಲೂ ಸಿಕ್ತು, ಕ್ಲೀನ್ ಮಾಡಿ ಇಟ್ಟಿದ್ದ ವೆಂಟಿಲೇಟರ್‌ನಲ್ಲೂ ಸಿಕ್ತು. (ಇದನ್ನ ಓದಿದ್ಮೇಲೆ ಚಿಕ್ಕಮ್ಮನ ವಾರ್ಡ್‌ನ ಬಾಗಿಲಲ್ಲಿ ನೇತಾಕಿದ್ದ ಖಾಲಿ ಸ್ಯಾನಿಟೈಸರ್ ಬಾಟಲ್ ನೆನಪಾಗಿ ನಿದ್ದೆ ಬರ್ಲಿಲ್ಲ. ನಾನೂ ಎಷ್ಟು ಸಲ ಹಂಗೇ ಒಳಗೆ ಹೋಗಿದೀನೋ.)

ಇನ್ನೊಂದು ದಾರಿ ಬಗ್ಗೆ ಯಾರೂ ಮಾತೇ ಆಡಲ್ಲ, ಅದು ಕೋಳಿ, ಹಂದಿ, ದನದ ಫಾರ್ಮ್. 1940ರ ದಶಕದ ಕೊನೇಲೇ ಗೊತ್ತಾಗಿತ್ತು, ಮೇವಲ್ಲಿ ಸ್ವಲ್ಪ ಆಂಟಿಬಯಾಟಿಕ್ ಹಾಕಿದ್ರೆ ಕೋಳಿ ಬೇಗ ಬೆಳೆಯುತ್ತೆ ಅಂತ. ಕಾಯಿಲೆ ಇರೋ ಪ್ರಾಣಿಗೆ ಔಷಧಿ ಕೊಡೋದು ಬೇರೆ, ಇದು ದಪ್ಪ ಆಗ್ಲಿ ಅಂತ ದಿನಾ ಸ್ವಲ್ಪ ಸ್ವಲ್ಪ. ಬ್ಯಾಕ್ಟೀರಿಯಾಗೆ ಪಾಠ ಹೇಳ್ಕೊಡೋಕೆ ಇದಕ್ಕಿಂತ ಒಳ್ಳೆ ವಿಧಾನ ಇಲ್ಲ. ಸ್ಟುವರ್ಟ್ ಲೆವಿ ಅನ್ನೋ ವಿಜ್ಞಾನಿ 1970ರ ದಶಕದಲ್ಲಿ ಬಾಸ್ಟನ್ ಹತ್ರದ ಒಂದು ಫಾರ್ಮ್‌ನಲ್ಲಿ ಇದನ್ನ ಪರೀಕ್ಷೆ ಮಾಡಿದ್ರು, ಕೆಲವು ಕೋಳಿಗೆ ಟೆಟ್ರಾಸೈಕ್ಲಿನ್ ಅನ್ನೋ ಆಂಟಿಬಯಾಟಿಕ್ ಹಾಕಿದ ಮೇವು, ಉಳಿದಿದ್ದಕ್ಕೆ ಬರೀ ಮೇವು. ಒಂದು ವಾರ ಆಗೋದ್ರೊಳಗೆ ಔಷಧಿ ಮೇವು ತಿಂದ ಕೋಳಿಗಳ ಕರುಳಿನ ಇ-ಕೊಲೈ ಹೆಚ್ಚುಕಮ್ಮಿ ಪೂರ್ತಿ ಆ ಔಷಧಿಗೆ ಬಗ್ಗದಂಗಾಯ್ತು. ಅದು ಬಿಡಿ, ಐದಾರು ತಿಂಗಳಲ್ಲಿ ಆ ಫಾರ್ಮ್‌ನ ಮನೆಯೋರ ಮಲದಲ್ಲೂ ಅಂಥ ಬ್ಯಾಕ್ಟೀರಿಯಾ ಜಾಸ್ತಿ ಆಗಿತ್ತು, ಅಕ್ಕಪಕ್ಕದ ಮನೆಯೋರಲ್ಲಿ ಅಷ್ಟಿರ್ಲಿಲ್ಲ. ಇದು ಪ್ರಕಟ ಆಗಿದ್ದು 1976ರಲ್ಲಿ. ಯುರೋಪಿಯನ್ ಒಕ್ಕೂಟ ದಪ್ಪ ಮಾಡೋಕೆ ಆಂಟಿಬಯಾಟಿಕ್ ಹಾಕೋದನ್ನ ಪೂರ್ತಿ ನಿಲ್ಲಿಸಿದ್ದು 2006ರಲ್ಲಿ, ಅಮೆರಿಕ ಮನುಷ್ಯರಿಗೆ ಮುಖ್ಯವಾದ ಔಷಧಿಗಳ ಮಟ್ಟಿಗೆ 2017ರಲ್ಲಿ. ಎಷ್ಟು ವರ್ಷ ಅಂತ ನೀವೇ ಲೆಕ್ಕ ಹಾಕ್ಕೊಳ್ಳಿ.

ಚಿಕ್ಕಮ್ಮನ ರಿಪೋರ್ಟ್‌ನ ಕೊನೇ ಸಾಲಿನ ಆ ಕೊಲಿಸ್ಟಿನ್ ಇದೆಯಲ್ಲ, ಅದು ಕಿಡ್ನಿಗೆ ಪೆಟ್ಟು ಕೊಡುತ್ತೆ ಅಂತ ಡಾಕ್ಟರುಗಳು ವರ್ಷಗಟ್ಟಲೆ ಮೂಲೆಗಿಟ್ಟಿದ್ದ ಔಷಧಿ, ಬೇರೆ ಯಾವುದೂ ನಡೀದೇ ಹೋದಾಗ ಮತ್ತೆ ತೆಗೆದಿದ್ದು. ಅದೇ ಕೊಲಿಸ್ಟಿನ್ನ ಹಂದಿ ಮೇವಿಗೆ ಸುರೀತಿದ್ರು. 2015ರಲ್ಲಿ ಚೀನಾದ ಹಂದಿಗಳಲ್ಲಿ, ಮಾಂಸದಲ್ಲಿ, ಆಸ್ಪತ್ರೆ ರೋಗಿಗಳಲ್ಲಿ ಎಂಸಿಆರ್-1 ಅನ್ನೋ ಜೀನ್ ಸಿಕ್ತು, ಕೊಲಿಸ್ಟಿನ್‌ಗೆ ಜಗ್ಗದಂಗೆ ಮಾಡೋ ಜೀನ್, ಅದೂ ಪ್ಲಾಸ್ಮಿಡ್ ಮೇಲೆ. ಆಮೇಲೆ ಒಂದಾದ್ಮೇಲೊಂದು ದೇಶದಲ್ಲಿ ಸಿಗ್ತಾ ಹೋಯ್ತು. ಚೀನಾ 2017ರಲ್ಲಿ, ಭಾರತ 2019ರಲ್ಲಿ ಮೇವಿಗೆ ಅದನ್ನ ಹಾಕೋದು ನಿಲ್ಲಿಸಿದ್ವು.

ಆದ್ರೆ ಬೈಸ್ಕೊಳ್ಳೋದು ಮಾತ್ರ ರೋಗಿ, ‘ಕೋರ್ಸ್ ಮುಗಿಸಿಲ್ಲ ನೀವು’ ಅಂತ. ಎಷ್ಟೋ ಸೋಂಕಿಗೆ ಕಮ್ಮಿ ದಿನದ ಕೋರ್ಸೇ ಸಾಕು ಅಂತ ಈಗ ಡಾಕ್ಟರುಗಳೇ ಹೇಳ್ತಿದಾರೆ (ಹಂಗಂತ ನೀವೇ ನಿಲ್ಲಿಸ್ಬೇಡಿ, ಕೇಳಿ ನಿಲ್ಸಿ). ನೆಗಡಿಗೆ ಆಂಟಿಬಯಾಟಿಕ್ ಬೇಡೋದು ತಪ್ಪೇ, ಒಪ್ತೀನಿ, ಅದು ವೈರಸ್, ಅದಕ್ಕೆ ಇದರಿಂದ ಏನೂ ಆಗಲ್ಲ. ಆದ್ರೆ 2019ರ ಒಂದೇ ವರ್ಷದಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾದಿಂದ ನೇರವಾಗಿ ಸತ್ತೋರು ಸುಮಾರು 12.7 ಲಕ್ಷ ಜನ ಅಂತ ಅಂದಾಜಿದೆ, ಅಷ್ಟೂ ಜನ ಮಾತ್ರೆ ಅರ್ಧಕ್ಕೆ ಬಿಟ್ಟೋರಾ?

ಚಿಕ್ಕಮ್ಮ ಹುಷಾರಾಗಿ ಮನೆಗೆ ಬಂದ್ರು, ಕಿಡ್ನಿ ಸ್ವಲ್ಪ ಏರುಪೇರಾಗಿ ಮತ್ತೆ ಸರಿಹೋಯ್ತು. ಡಿಸ್ಚಾರ್ಜ್ ದಿನ ಡಾಕ್ಟರು, ಈ ಬ್ಯಾಕ್ಟೀರಿಯಾ ಏನೂ ತೊಂದ್ರೆ ಕೊಡದೆ ಕರುಳಲ್ಲಿ ತಿಂಗಳುಗಟ್ಟಲೆ ಇರಬಹುದು ಅಂದ್ರು. ಚಿಕ್ಕಮ್ಮ ಕೇಳಿದ್ದು ಒಂದೇ, ‘ಹಂಗಾದ್ರೆ ಮೊಮ್ಮಗೂನ ಎತ್ಕೋಬಾರ್ದಾ ಡಾಕ್ಟ್ರೇ?’ ಎತ್ಕೊಳಮ್ಮಾ, ಸೋಪಲ್ಲಿ ಕೈ ತೊಳ್ಕೊಂಡು ಎತ್ಕೊಳಿ ಅಂದ್ರು. ಈಗ ಮಗು ಅಳ್ತಾ ಇರುತ್ತೆ, ಇವರು ಸಿಂಕ್ ಹತ್ರ ನಿಂತು ಮೊಣಕೈತನಕ ಉಜ್ಜುತಾ ‘ಬಂದೆ ಬಂದೆ, ಒಂದ್ನಿಮಿಷ’ ಅಂತಿರ್ತಾರೆ.