ಅವ್ವ ಕೂರಬಹುದಾದ ರೈಡ್ ಯಾವುದು?

ಅಮೆರಿಕದ ಒರ್ಲಾಂಡೊದಲ್ಲಿ ಮನೆ ಮಾಡಿದವರು ಒಂದು ವಾದದಿಂದ ತಪ್ಪಿಸಿಕೊಳ್ಳಲಾರರು. ಧಾರವಾಡದಲ್ಲಿ ಸಂಗೀತ ಬಲ್ಲವರಿಬ್ಬರು ಸೇರಿದರೆ ಮನಸೂರರೋ ಭೀಮಸೇನರೋ ಎಂದು ಮಾತು ಹತ್ತಿಕೊಳ್ಳುವ ಹಾಗೆ, ಇಲ್ಲಿ ಕಚೇರಿಯ ಕ್ಯಾಂಟೀನಿನಲ್ಲಿ, ಮಕ್ಕಳ ಶಾಲೆಯ ಗೇಟಿನ ಮುಂದೆ, ಥೀಮ್ ಪಾರ್ಕಿನಲ್ಲಿ ಕೆಡವಿದ ಹಳೆಯ ರೈಡ್ ಮೇಲೋ, ಅದರ ಜಾಗಕ್ಕೆ ಬಂದ ಹೊಸದು ಮೇಲೋ ಎಂಬ ಚರ್ಚೆ ಹತ್ತಿಕೊಳ್ಳುತ್ತದೆ. ನಲವತ್ತು ದಾಟಿದವರು ಕಣ್ಣಲ್ಲಿ ನೀರು ತಂದುಕೊಂಡು ಮಾತನಾಡುತ್ತಾರೆ. ಹದಿಹರೆಯದವರು ಹೊಸದರ ವೇಗವನ್ನು ಕೊಂಡಾಡುತ್ತಾರೆ. ಹುಬ್ಬಳ್ಳಿಯಲ್ಲಿ ಬೆಳೆದ ನನಗೂ ಈಗ ಈ ವಾದದಲ್ಲಿ ಒಂದು ಪಕ್ಷವಿದೆ. ಅದು ಇಲ್ಲಿಯ ಎರಡು ಗುಂಪಿಗೂ ಪೂರ್ತಿ ಒಪ್ಪಿಗೆಯಾಗುವುದಿಲ್ಲ.

ಅಭಿಮಾನಿಗಳ ಸಂಕಟಕ್ಕೆ ದೊಡ್ಡ ಇತಿಹಾಸವಿದೆ. 1971ರ ಅಕ್ಟೋಬರ್ 1ರಂದು ಇಲ್ಲಿಯ ಥೀಮ್ ಪಾರ್ಕುಗಳ ಸಮೂಹ ವಾಲ್ಟ್ ಡಿಸ್ನಿ ವರ್ಲ್ಡ್ ಬಾಗಿಲು ತೆರೆದ ದಿನದಿಂದಲೂ ‘ಮಿಸ್ಟರ್ ಟೋಡ್ಸ್ ವೈಲ್ಡ್ ರೈಡ್’ ಅಲ್ಲಿತ್ತು. ಕಪ್ಪೆರಾಯನೊಬ್ಬನ ಹುಚ್ಚು ಕಾರು ಸವಾರಿ ಅದು. ಅದನ್ನು ಮುಚ್ಚುವ ಸುದ್ದಿ ಹಬ್ಬಿದಾಗ ಜನ ಅದಕ್ಕೆಂದೇ ಟೀ ಶರ್ಟ್ ಅಚ್ಚು ಹಾಕಿಸಿ ತೊಟ್ಟುಕೊಂಡು ರೈಡಿನ ಮುಂದೆ ಸೇರಿ ಪ್ರತಿಭಟಿಸಿದರು. ಕಂಪನಿ ಕೇಳಲಿಲ್ಲ. 1998ರ ಸೆಪ್ಟೆಂಬರ್‌ನಲ್ಲಿ ಮುಚ್ಚಿ, ಮರುವರ್ಷ ಅದೇ ಜಾಗದಲ್ಲಿ ವಿನ್ನಿ ದ ಪೂ ಕರಡಿಯ ರೈಡ್ ತೆರೆಯಿತು. ಆದರೆ ಹೊಸ ರೈಡಿನ ಒಳಗೆ ಒಂದು ಚಿತ್ರ ತೂಗುಹಾಕಿದ್ದಾರೆ: ಕಪ್ಪೆರಾಯ ತನ್ನ ಜಾಗದ ಪತ್ರವನ್ನು ಗೂಬೆಯ ಕೈಗೆ ಒಪ್ಪಿಸುತ್ತಿದ್ದಾನೆ. ಮಾಡಿದವರಿಗೆ ಹಳೆಯದರ ಮೇಲೆ ಗೌರವವಿತ್ತು ಎನ್ನಲು ಅಷ್ಟು ಸಾಕು. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ 1955ರಿಂದ ಇರುವ ಇದೇ ಹೆಸರಿನ ರೈಡ್ ಇವತ್ತಿಗೂ ಓಡುತ್ತಿದೆ.

ಜನರ ಕೂಗು ಗೆದ್ದ ಉದಾಹರಣೆಯೂ ಉಂಟು. ಡಿಸ್ನಿ ವರ್ಲ್ಡ್‌ನದೇ ಆದ ಎಪ್ಕಾಟ್ ಪಾರ್ಕಿನ ‘ಜರ್ನಿ ಇನ್‌ಟು ಇಮ್ಯಾಜಿನೇಶನ್’ ರೈಡಿನಲ್ಲಿ ಫಿಗ್ಮೆಂಟ್ ಎಂಬ ನೇರಳೆ ಬಣ್ಣದ ಪುಟ್ಟ ಡ್ರ್ಯಾಗನ್ ಇತ್ತು. 1999ರ ಹೊಸ ರೂಪದಲ್ಲಿ ಅದನ್ನು ಹೆಚ್ಚುಕಡಿಮೆ ಕಾಣದಂತೆ ಮಾಡಿದರು. ಜನ ಬೈದರು, ಪತ್ರ ಬರೆದರು, ಆ ಕಡೆ ಹೋಗುವುದನ್ನೇ ಬಿಟ್ಟರು. 2002ರಲ್ಲಿ ಫಿಗ್ಮೆಂಟ್ ಮರಳಿ ಬಂತು.

ನನ್ನ ಪಕ್ಷ ಹುಟ್ಟಿದ್ದು ಅವ್ವ-ಅಪ್ಪ ಹುಬ್ಬಳ್ಳಿಯಿಂದ ಬಂದಾಗ. ಅವ್ವನಿಗೆ ಮೊಣಕಾಲು ನೋವು, ಅಪ್ಪನಿಗೆ ರಕ್ತದೊತ್ತಡ, ಮಗಳು ಇನ್ನೂ ಸಣ್ಣವಳು. ಪಾರ್ಕಿನ ವೇಗದ ರೈಡುಗಳ ಬಾಯಲ್ಲಿ ಎರಡು ವಸ್ತುಗಳಿರುತ್ತವೆ. ಒಂದು ಮಕ್ಕಳ ಎತ್ತರ ಅಳೆಯುವ ಕೋಲು. ಇನ್ನೊಂದು ಹೃದಯ, ಬೆನ್ನು, ಕುತ್ತಿಗೆ, ರಕ್ತದೊತ್ತಡದ ತೊಂದರೆ ಇದ್ದವರು ಹತ್ತಬಾರದೆಂಬ ಫಲಕ. ಕೋಲು ಮೊಮ್ಮಗಳನ್ನು ಹೊರಗೆ ನಿಲ್ಲಿಸುತ್ತದೆ, ಫಲಕ ಅಜ್ಜ-ಅಜ್ಜಿಯನ್ನು. ಒಳಗೆ ಹೋಗುವವರು ನಡುವಿನ ವಯಸ್ಸಿನವರು ಮಾತ್ರ. ಅಂದಿನಿಂದ ಯಾವ ರೈಡ್ ತೆಗೆದರೂ, ಯಾವುದು ಬಂದರೂ ನಾನು ಕೇಳುವುದು ಒಂದನ್ನೇ: ಹಳೆಯದರಲ್ಲಿ ಕೂರುತ್ತಿದ್ದವರೆಲ್ಲ ಹೊಸದರಲ್ಲೂ ಕೂರಬಹುದೇ?

ಈ ಲೆಕ್ಕದಲ್ಲಿ ಎಪ್ಕಾಟ್‌ನ ಕಥೆ ನೋವಿನದು. 1982ರಲ್ಲಿ ತೆರೆದಾಗ ಅದು ದೊಡ್ಡ ದೊಡ್ಡ ವಿಷಯಗಳನ್ನು ನಿಧಾನವಾಗಿ ಹೇಳುವ ಪಾರ್ಕು. ‘ವರ್ಲ್ಡ್ ಆಫ್ ಮೋಶನ್’ನಲ್ಲಿ ಸಾಲುಗಟ್ಟಿ ಸಾಗುವ ಆಸನಗಳಲ್ಲಿ ಕುಳಿತರೆ ಮನುಷ್ಯ ಕಾಲ್ನಡಿಗೆಯಿಂದ ಚಕ್ರಕ್ಕೆ, ಚಕ್ರದಿಂದ ಮೋಟಾರಿಗೆ ಬಂದ ಕಥೆ ಕಣ್ಣ ಮುಂದೆ ಹಾಯುತ್ತಿತ್ತು. 1996ರಲ್ಲಿ ಅದನ್ನು ಮುಚ್ಚಿದರು. ಆ ಜಾಗಕ್ಕೆ ಬಂದ ‘ಟೆಸ್ಟ್ ಟ್ರ್ಯಾಕ್’ ಕಾರಿನ ವೇಗ ತೋರಿಸುವ ರೈಡ್, ಕನಿಷ್ಠ ಎತ್ತರ 40 ಇಂಚು. ಮುಂದಿನ ಕಾಲದ ಮನುಷ್ಯರು ಸಮುದ್ರದಡಿ, ಮರುಭೂಮಿಯಲ್ಲಿ, ಬಾಹ್ಯಾಕಾಶದಲ್ಲಿ ಹೇಗೆ ಬದುಕುತ್ತಾರೆಂದು ತೋರಿಸುತ್ತಿದ್ದ ‘ಹೊರೈಜನ್ಸ್’ ಪ್ರಾಯೋಜಕತ್ವದಿಂದ ಜನರಲ್ ಎಲೆಕ್ಟ್ರಿಕ್ 1993ರಲ್ಲಿ ಹಿಂದೆ ಸರಿಯಿತು. 1999ರಲ್ಲಿ ರೈಡ್ ನಿಂತಿತು, ಆಮೇಲೆ ಕಟ್ಟಡವನ್ನೇ ನೆಲಸಮ ಮಾಡಿದರು. ಅಲ್ಲಿ 2003ರಲ್ಲಿ ಬಂದ ‘ಮಿಷನ್: ಸ್ಪೇಸ್’ ಮನುಷ್ಯರನ್ನು ಗರಗರ ತಿರುಗಿಸಿ ರಾಕೆಟ್ಟಿನ ಒತ್ತಡ ಅನುಭವಕ್ಕೆ ತರುವ ಯಂತ್ರ. ತಲೆ ತಿರುಗಿ ಕಷ್ಟಪಟ್ಟವರು ಹೆಚ್ಚಾದ ಮೇಲೆ 2006ರಲ್ಲಿ ತಿರುಗದ ಸೌಮ್ಯ ರೂಪವೊಂದನ್ನೂ ಸೇರಿಸಬೇಕಾಯಿತು. ಅಂಥ ರೂಪ ಬೇಕೆಂಬುದು ಮೊದಲ ದಿನವೇ ಹೊಳೆಯಬೇಕಿತ್ತು.

2017ರ ಆಗಸ್ಟ್ 13 ನನ್ನ ವಾದಕ್ಕೆ ಎಲ್ಲಕ್ಕಿಂತ ಒಳ್ಳೆಯ ಸಾಕ್ಷಿ. ಒರ್ಲಾಂಡೊದಲ್ಲಿ ಅದೇ ದಿನ ಎರಡು ಹಳೆಯ ರೈಡ್‌ಗಳು ಮುಚ್ಚಿದವು, ಎರಡರಲ್ಲೂ ಯಾವ ವಯಸ್ಸಿನವರು ಬೇಕಾದರೂ ಕೂರಬಹುದಿತ್ತು. ಹಾಲಿವುಡ್ ಸ್ಟುಡಿಯೋಸ್ ಪಾರ್ಕಿನ ‘ದ ಗ್ರೇಟ್ ಮೂವಿ ರೈಡ್’ ಹಳೆಯ ಚಲನಚಿತ್ರಗಳ ದೃಶ್ಯಗಳ ನಡುವೆ ನಮ್ಮನ್ನು ಕರೆದೊಯ್ಯುತ್ತಿತ್ತು. ಎಪ್ಕಾಟ್‌ನ ‘ಯೂನಿವರ್ಸ್ ಆಫ್ ಎನರ್ಜಿ’ಯಲ್ಲಿ ಇಡೀ ಸಭಾಂಗಣದ ಆಸನಗಳೇ ಗುಂಪುಗುಂಪಾಗಿ ಬೇರ್ಪಟ್ಟು ಡೈನೊಸಾರ್‌ಗಳ ಕಾಡಿನೊಳಗೆ ಹೊರಡುತ್ತಿದ್ದವು. ಮೊದಲನೆಯದರ ಜಾಗಕ್ಕೆ 2020ರ ಮಾರ್ಚ್‌ನಲ್ಲಿ ಮಿಕ್ಕಿ-ಮಿನ್ನಿಯರ ರೈಲು ಬಂತು. ಹಳಿಯಿಲ್ಲದೆ ಚಲಿಸುವ ಡಬ್ಬಿಗಳು, ಗೋಡೆಯ ತುಂಬ ಓಡುವ ಕಾರ್ಟೂನು, ಎತ್ತರದ ಮಿತಿ ಇಲ್ಲವೇ ಇಲ್ಲ. ಅವ್ವ, ಮಗಳು ಒಂದೇ ಬೆಂಚಿನಲ್ಲಿ ಕುಳಿತರು. ಎರಡನೆಯದರ ಜಾಗಕ್ಕೆ 2022ರ ಮೇನಲ್ಲಿ ‘ಗಾರ್ಡಿಯನ್ಸ್ ಆಫ್ ದ ಗ್ಯಾಲಕ್ಸಿ: ಕಾಸ್ಮಿಕ್ ರಿವೈಂಡ್’ ಬಂತು. ಹಿಂದಕ್ಕೆ ಚಿಮ್ಮಿ ಹೊರಡುವ, ಡಬ್ಬಿಗಳು ತಾವೂ ತಿರುಗುವ ರೋಲರ್ ಕೋಸ್ಟರ್ ಅದು. ನನಗೆ ಬಹಳ ಇಷ್ಟವಾಯಿತು. ಅಂಥ ಯಂತ್ರವನ್ನು ಕಟ್ಟಿದ ಎಂಜಿನಿಯರುಗಳಿಗೆ ಕೈ ಮುಗಿಯಬೇಕು. ಆದರೆ ಮೂರು ತಲೆಮಾರು ಒಟ್ಟಿಗೆ ಕೂರುತ್ತಿದ್ದ ಒಂದು ಜಾಗ ಎಪ್ಕಾಟ್‌ನಲ್ಲಿ ಕಡಿಮೆಯಾಯಿತು. ಅಪ್ಪ ಹೊರಗೆ ಕಟ್ಟೆಯ ಮೇಲೆ ಚೀಲ ಕಾಯುತ್ತಾ ಕುಳಿತಿದ್ದರು.

ಇದು ಆ ಪಾರ್ಕುಗಳ ಮೂಲಕ್ಕೇ ವಿರುದ್ಧವಾದ ಮಾತು. ವಾಲ್ಟ್ ಡಿಸ್ನಿ ಲಾಸ್ ಏಂಜಲಿಸ್‌ನ ಗ್ರಿಫಿತ್ ಪಾರ್ಕಿಗೆ ತಮ್ಮ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದರಂತೆ. ಮಕ್ಕಳು ತಿರುಗುವ ಕುದುರೆಗಳ ಮೇಲೆ ಕೂರುತ್ತಿದ್ದರು, ಅವರು ಬೆಂಚಿನ ಮೇಲೆ ಸುಮ್ಮನೆ ಕೂರಬೇಕಿತ್ತು. ದೊಡ್ಡವರೂ ಮಕ್ಕಳೂ ಸೇರಿ ಆನಂದಿಸುವ ಜಾಗವೊಂದು ಬೇಕೆಂಬ ಯೋಚನೆ ಅಲ್ಲಿ ಬಂತೆಂದು ಅವರೇ ಹೇಳಿಕೊಂಡಿದ್ದಾರೆ. ಹಾಗೆ ಹುಟ್ಟಿದ ಪಾರ್ಕಿನಲ್ಲಿ ಅಪ್ಪ ಮತ್ತೆ ಬೆಂಚಿಗೆ ಹೋದರು.

ಹಾಗೆಂದು ಹಳೆಯದೆಲ್ಲ ಉಳಿಯಲಿ ಎನ್ನುವವರ ಸಾಲಿನಲ್ಲಿ ನಾನು ನಿಲ್ಲುವುದಿಲ್ಲ. ಎಲ್ಲಕ್ಕಿಂತ ಜೋರಾಗಿ ಜಗಳವಾದದ್ದು ‘ಸ್ಪ್ಲ್ಯಾಶ್ ಮೌಂಟನ್’ ಬಗ್ಗೆ. ಮರದ ದಿಮ್ಮಿಯ ದೋಣಿಯಲ್ಲಿ ಕುಳಿತು ಸುಮಾರು 50 ಅಡಿ ಮೇಲಿನಿಂದ ನೀರಿಗೆ ಬೀಳುವ ರೈಡ್. ಅದು ನಿಂತಿದ್ದು 1946ರ ಒಂದು ಚಿತ್ರದ ಮೇಲೆ. ಗುಲಾಮಗಿರಿಯ ನಂತರದ ಕಾಲದ ಕಪ್ಪು ಜನರ ಬದುಕನ್ನು ಸಿಹಿಯಾಗಿ ಬಣ್ಣಿಸಿತೆಂಬ ಆಕ್ಷೇಪ ಆ ಚಿತ್ರದ ಮೇಲೆ ಮೊದಲಿನಿಂದಲೂ ಇತ್ತು. ಅಮೆರಿಕದಲ್ಲಿ ಕಂಪನಿಯೇ ಅದನ್ನು ಮನೆಯಲ್ಲಿ ನೋಡುವ ವಿಡಿಯೊ ರೂಪದಲ್ಲಿ ಎಂದೂ ಹೊರತರಲಿಲ್ಲ. ಚಿತ್ರವನ್ನು ತೋರಿಸಲು ಸಂಕೋಚಪಡುವವರು ಅದರ ಮೇಲೆ ಬೆಟ್ಟ ಕಟ್ಟಿ ಜನರನ್ನು ಕೂರಿಸುವುದು ಸರಿಯಲ್ಲ. 2023ರಲ್ಲಿ ಅದನ್ನು ಮುಚ್ಚಿ, 2024ರಲ್ಲಿ ನ್ಯೂ ಆರ್ಲಿಯನ್ಸ್‌ನ ಕಪ್ಪು ರಾಜಕುಮಾರಿ ಟಿಯಾನಾಳ ಕಥೆಯೊಂದಿಗೆ ತೆರೆದರು. ಹೊಸ ಕಥೆಯಲ್ಲಿ ಖಳನಿಲ್ಲ, ಬೀಳುವ ಮುಂಚಿನ ಎದೆನಡುಕ ಇಲ್ಲ ಎನ್ನುವ ಅಭಿಮಾನಿಗಳ ದೂರಿನಲ್ಲಿ ನಿಜವಿದೆ. ನನ್ನ ಪ್ರಶ್ನೆಗೆ ಮಾತ್ರ ಉತ್ತರ ಸರಿಯಾಗಿದೆ: ಹಳೆಯದಕ್ಕೂ 40 ಇಂಚು, ಹೊಸದಕ್ಕೂ 40 ಇಂಚು. ಯಾರೂ ಜಾಗ ಕಳೆದುಕೊಳ್ಳಲಿಲ್ಲ, ಹಿಂದೆ ಮನಸ್ಸು ನೊಂದು ದೂರ ನಿಂತವರು ಒಳಗೆ ಬಂದರು.

ಎಪ್ಕಾಟ್‌ನ ನಾರ್ವೆ ಮಂಟಪದ ದೋಣಿಯದು ನನಗೆ ಕಠಿಣವಾದ ಪ್ರಕರಣ. ಅಲ್ಲಿಯ ‘ಮೇಲ್‌ಸ್ಟ್ರಾಮ್’ ನಾರ್ವೆಯ ವೈಕಿಂಗರನ್ನೂ ಟ್ರೋಲ್‌ಗಳನ್ನೂ ಸಮುದ್ರದಲ್ಲಿ ತೈಲ ತೆಗೆಯುವುದನ್ನೂ ತೋರಿಸುತ್ತಿತ್ತು. 2014ರಲ್ಲಿ ಅದು ಮುಚ್ಚಿತು, 2016ರಲ್ಲಿ ಅದೇ ಕಾಲುವೆಯಲ್ಲಿ ‘ಫ್ರೋಜನ್’ ಚಿತ್ರದ ಅಕ್ಕತಂಗಿಯರು ಬಂದರು. ಒಂದು ನಿಜವಾದ ದೇಶದ ಜಾಗದಲ್ಲಿ ಕಲ್ಪನೆಯ ರಾಜ್ಯವೊಂದು ಕುಳಿತಿತು. ಇದು ನಷ್ಟವೇ. ಆದರೂ ದೋಣಿಯಲ್ಲಿ ಅವ್ವ ಕುಳಿತರು, ಮಗಳು ಅಜ್ಜಿಯ ಕಿವಿಯಲ್ಲಿ ಇಡೀ ಕಥೆ ಹೇಳಿದಳು. ನನ್ನ ಮತ ಹೊಸದಕ್ಕೇ.

ಈಗ ಊರಿನ ಕಡೆಗೆ ಬರುತ್ತೇನೆ. ನಮ್ಮಲ್ಲಿ ಆಟದ ಯಂತ್ರಗಳು ಜಾತ್ರೆಯ ಜೊತೆ ಬರುತ್ತವೆ. ಶಿವರಾತ್ರಿಯ ಹೊತ್ತಿಗೆ ಹುಬ್ಬಳ್ಳಿಯ ಸಿದ್ಧಾರೂಢ ಮಠದ ಜಾತ್ರೆ, ಬೇಸಿಗೆಯಲ್ಲಿ ಗದಗಿನ ತೋಂಟದಾರ್ಯ ಮಠದ ಜಾತ್ರೆ. ಬಯಲಿನಲ್ಲಿ ಲಾರಿಗಳು ಬಂದು ನಿಲ್ಲುತ್ತವೆ, ತೊಟ್ಟಿಲು, ಕೊಲಂಬಸ್ ಹಡಗು, ಬ್ರೇಕ್ ಡ್ಯಾನ್ಸ್, ಡ್ರ್ಯಾಗನ್ ರೈಲು ಎದ್ದು ನಿಲ್ಲುತ್ತವೆ. ಜಾತ್ರೆ ಮುಗಿದರೆ ಬಯಲು ಬಯಲೇ. ಹೀಗಾಗಿ ಹಳೆಯದನ್ನು ಕೆಡವಿ ಹೊಸದನ್ನು ಕಟ್ಟುವ ಪ್ರಶ್ನೆಯೇ ಹುಟ್ಟುವುದಿಲ್ಲ. ವಿದ್ಯುತ್ತಿನಲ್ಲಿ ತಿರುಗುವ ದೊಡ್ಡ ತೊಟ್ಟಿಲಿನ ಪಕ್ಕದಲ್ಲೇ ಕೈಯಿಂದ ತಿರುಗಿಸುವ ಸಣ್ಣ ತೊಟ್ಟಿಲು ನಿಲ್ಲುತ್ತಿತ್ತು. ಧೈರ್ಯವಿದ್ದವರು ಅದಕ್ಕೆ, ಕೂಸನ್ನು ಎತ್ತಿಕೊಂಡವರು ಇದಕ್ಕೆ. ನನ್ನ ಅಜ್ಜಿ ತಾನು ಚಿಕ್ಕವಳಾಗಿದ್ದಾಗ ಹತ್ತಿದ ಅದೇ ಬಗೆಯ ತೊಟ್ಟಿಲಿಗೆ ನನ್ನನ್ನು ಹತ್ತಿಸಿದ್ದಳು. ಸುರಕ್ಷತೆಯ ಮಾತು ಬಂದರೆ ನಾನು ಒರ್ಲಾಂಡೊದ ಕಡೆಗೇ: ಎರಡು ಬೋಲ್ಟ್ ಬಿಗಿದು, ಒಂದು ಸರಪಳಿ ಅಡ್ಡ ಹಾಕಿ ಮಕ್ಕಳನ್ನು ಮೇಲಕ್ಕೆ ಕಳುಹಿಸುವುದು ಇನ್ನಾದರೂ ನಿಲ್ಲಬೇಕು. ಜಾಗ ಹಂಚುವ ವಿಷಯದಲ್ಲಿ ಮಾತ್ರ ಜಾತ್ರೆ ಜಾಣ. ಒಬ್ಬರಿಗೆ ಕೊಡಲು ಇನ್ನೊಬ್ಬರಿಂದ ಕಿತ್ತುಕೊಳ್ಳುವುದಿಲ್ಲ. ಇನ್ನು ತೇರಿನ ಹಗ್ಗಕ್ಕೆ ಕೈ ಹಚ್ಚಲು ಎತ್ತರದ ಮಿತಿ ಎಲ್ಲಿಯದು?

ಒಂದೇ ಜಾಗದಲ್ಲಿ ನಿಂತಿರುವ ಪಾರ್ಕುಗಳಲ್ಲಿ ನಾನು ಕಂಡ ಅತ್ಯಂತ ಉದಾರವಾದದ್ದು ಹಾವೇರಿ ಜಿಲ್ಲೆಯಲ್ಲಿದೆ. ಹುಬ್ಬಳ್ಳಿಯಿಂದ ಹಾವೇರಿಗೆ ಹೋಗುವ ಹೆದ್ದಾರಿಯಲ್ಲಿ, ಶಿಗ್ಗಾವಿ ಹತ್ತಿರದ ಗೊಟಗೋಡಿಯಲ್ಲಿ, ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್. ಉತ್ತರ ಕರ್ನಾಟಕದ ಹಳ್ಳಿಯ ಬದುಕು ಅಲ್ಲಿ ಆಳೆತ್ತರದ ಶಿಲ್ಪಗಳಾಗಿ ನಿಂತಿದೆ: ಒಕ್ಕಲುತನ, ದನಕರು, ಮನೆಗೆಲಸ, ಕುಶಲಕರ್ಮಿಗಳು. ಯಾವುದೂ ಚಿಮ್ಮುವುದಿಲ್ಲ, ತಿರುಗುವುದಿಲ್ಲ. ಆದರೆ ಅಲ್ಲಿ ಅವ್ವ ಮುಂದೆ, ನಾವೆಲ್ಲ ಹಿಂದೆ. ಬೀಸುವ ಕಲ್ಲಿನ ಮುಂದೆ ನಿಂತು ಗೂಟ ಹಿಡಿಯುವುದು ಹೇಗೆಂದು ಮೊಮ್ಮಗಳಿಗೆ ಕೈಯಾಡಿಸಿ ತೋರಿಸಿದರು. ಒರ್ಲಾಂಡೊದ ಯಾವ ರೈಡಿನಲ್ಲೂ ಅವರಿಗೆ ಆ ಅಧಿಕಾರ ಸಿಗಲಿಲ್ಲ.

ಆದರೂ ಒರ್ಲಾಂಡೊದವರಿಂದ ನಾವು ಕಲಿಯಬೇಕಾದದ್ದು ಒಂದಿದೆ: ಅವರು ಜಗಳವಾಡುತ್ತಾರೆ. 2025ರ ಜುಲೈನಲ್ಲಿ ಡಿಸ್ನಿ ವರ್ಲ್ಡ್‌ನ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿನ ನದಿ, ಅದರ ಹಡಗು, 1973ರಿಂದ ಇದ್ದ ಟಾಮ್ ಸಾಯರ್ ದ್ವೀಪ ಮೂರನ್ನೂ ‘ಕಾರ್ಸ್’ ಚಿತ್ರದ ಹೊಸ ಜಾಗಕ್ಕಾಗಿ ಮುಚ್ಚಿದರು. ಗಾಲಿಕುರ್ಚಿಯನ್ನು ನೇರವಾಗಿ ಹತ್ತಿಸಬಹುದಾಗಿದ್ದ ಹಡಗು ಅದು. ಕೊನೆಯ ದಿನ ಜನ ಉರಿಬಿಸಿಲಲ್ಲಿ ಸಾಲು ನಿಂತು ಹತ್ತಿದರು, ಮೂಲೆ ಮೂಲೆಯನ್ನೂ ಚಿತ್ರೀಕರಿಸಿಕೊಂಡರು. ಬರಲಿರುವ ಎರಡು ರೈಡ್‌ಗಳಲ್ಲಿ ಒಂದು ಪುಟ್ಟ ಮಕ್ಕಳಿಗೆಂದು ಕಂಪನಿ ಹೇಳಿದೆ. ಅಜ್ಜ-ಅಜ್ಜಿಯರಿಗೆ ಏನು ಎಂದು ಕೇಳುವ ದನಿಗಳು ಇನ್ನೂ ಕಡಿಮೆಯಾಗಿಲ್ಲ. ನಮ್ಮ ಅವಳಿ ನಗರದ ಉದ್ಯಾನಗಳಲ್ಲಿ ಜೋಕಾಲಿಯ ಸರಪಳಿ ಹರಿದರೆ, ಜಾರುಬಂಡೆ ತುಕ್ಕು ಹಿಡಿದರೆ, ಒಂದು ದಿನ ಅದು ಅಲ್ಲಿರುವುದಿಲ್ಲ, ಅಷ್ಟೇ. ಯಾವಾಗ ತೆಗೆದರು, ಬದಲಿಗೆ ಏನು ಬರುತ್ತದೆ ಎಂದು ಕೇಳಿದವರನ್ನು ನಾನು ನೋಡಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಆಗುತ್ತಿಲ್ಲ. ಅಲ್ಲಿ ಟಿಕೆಟ್ ಕೊಂಡವರು ಒಂದು ಖಾಸಗಿ ಕಂಪನಿಯ ಮೇಲೆ ಹಕ್ಕು ಚಲಾಯಿಸುತ್ತಾರೆ, ಇಲ್ಲಿ ತೆರಿಗೆ ಕಟ್ಟಿದವರು ತಮ್ಮದೇ ತೋಟದ ಬಗ್ಗೆ ಬಾಯಿ ಬಿಡುವುದಿಲ್ಲ.

ಹುಬ್ಬಳ್ಳಿಯ ಗಾಜಿನ ಮನೆಯ ಪುಟಾಣಿ ರೈಲು ನನಗೆ ಬಹಳ ಪ್ರಿಯವಾದದ್ದು ಇದೇ ಕಾರಣಕ್ಕೆ. ಕೂಸು, ತಾಯಿ, ಅಜ್ಜಿ ಒಂದೇ ಡಬ್ಬಿಯಲ್ಲಿ ಕೂರುತ್ತಾರೆ. ನಾಳೆ ಯಾರಾದರೂ ಅದಕ್ಕಿಂತ ವೇಗದ ಆಟವೊಂದನ್ನು ನಮ್ಮ ಉದ್ಯಾನಗಳಿಗೆ ತರುತ್ತೇವೆಂದರೆ ಸಂತೋಷದಿಂದ ತರಲಿ, ನಾನೇ ಮೊದಲು ಹತ್ತುತ್ತೇನೆ. ಆದರೆ ರೈಲಿನ ಜಾಗದಲ್ಲಿ ಬೇಡ, ಪಕ್ಕದಲ್ಲಿ ತರಲಿ. ನಕ್ಷೆ ಪಾಲಿಕೆಯ ಮೇಜಿಗೆ ಬಂದ ದಿನವೇ ಹುಬ್ಬಳ್ಳಿ-ಧಾರವಾಡದ ಜನ ಹೋಗಿ ಕೇಳಲಿ: ಕನಿಷ್ಠ ಎತ್ತರ ಎಷ್ಟು, ಮೊಣಕಾಲು ನೋವಿನವರು ಹತ್ತಲು ಮೆಟ್ಟಿಲು ಎಷ್ಟು, ಗಾಲಿಕುರ್ಚಿ ಎಲ್ಲಿಯವರೆಗೆ ಹೋಗುತ್ತದೆ, ಹತ್ತಲಾಗದವರು ಕಾಯುವ ಕಡೆ ನೆರಳಿದೆಯೇ?