ಒಂದು ರೆಪ್‌ಗೆ ಆರು ಮಾತು

ಟ್ರೈನರ್ ಆಗಿ ಆರು ವರ್ಷ ಕಳೆದ ಮೇಲೆ ನಾನು ಮೊದಲ ಸಲ ಕೋಚಿಂಗ್ ಸೆಮಿನಾರ್‌ಗೆ ಹೋದೆ. ಕೈಯಲ್ಲಿ ಅದಾಗಲೇ ಒಂದು ಸರ್ಟಿಫಿಕೇಟ್ ಇತ್ತು. ಪುಸ್ತಕ ಓದಿ, ಕಂಪ್ಯೂಟರ್ ಮುಂದೆ ಕೂತು ಪರೀಕ್ಷೆ ಬರೆದು ತಗೊಂಡಿದ್ದು. ತೊಡೆಯ ಹಿಂದಿನ ಸ್ನಾಯುಗಳ ಹೆಸರು ಕೇಳಿದರೆ ನಿದ್ದೆಯಲ್ಲೂ ಹೇಳುತ್ತಿದ್ದೆ. ಹೋಗುವಾಗ ಮನಸ್ಸಿನಲ್ಲಿದ್ದದ್ದು ಇಷ್ಟೇ: ಎರಡು ದಿನ ಕೂತು ಬಂದರೆ ಹೆಸರಿನ ಮುಂದೆ ಇನ್ನೂ ನಾಲ್ಕು ಅಕ್ಷರ ಸೇರುತ್ತದೆ.

ಮೊದಲ ದಿನ ಊಟದ ಹೊತ್ತಿಗೆ ಮುಂಚೆಯೇ ಆ ಗತ್ತು ಇಳಿದುಹೋಯಿತು.

ಐದೈದು ಜನರ ಗುಂಪು ಮಾಡಿದ್ದರು. ಎಲ್ಲರ ಕೈಗೂ ಒಂದೊಂದು ಪಿವಿಸಿ ಪೈಪ್. ತೂಕವೇ ಇಲ್ಲದ ಆ ಪೈಪ್ ಹೆಗಲ ಮೇಲಿಟ್ಟು ಒಬ್ಬರು ಸ್ಕ್ವಾಟ್ ಮಾಡಬೇಕು (ಬಸ್ಕಿಯ ಹಾಗೆ ಕೂತು ಏಳುವುದು, ಒಂದು ಸಲ ಕೂತೆದ್ದರೆ ಒಂದು ರೆಪ್), ಇನ್ನೊಬ್ಬರು ಹೇಳಿಕೊಡಬೇಕು, ಉಳಿದವರು ನೋಡಬೇಕು. ನನ್ನ ಪಾಲಿಗೆ ಬಂದವನು ನನ್ನ ಹಾಗೇ ಟ್ರೈನರ್ ಆಗಿದ್ದ ಒಬ್ಬ ಹುಡುಗ. ಅವನು ಕೆಳಗಿಳಿಯಲು ಶುರು ಮಾಡಿದ್ದೇ ತಡ, ನಾನೂ ಶುರು ಮಾಡಿದೆ. "ಎದೆ ಮೇಲೆ, ಮಂಡಿ ಹೊರಗೆ, ಸೊಂಟ ಹಿಂದೆ, ಹೊಟ್ಟೆ ಬಿಗಿ, ಹಿಮ್ಮಡಿ ಮೇಲೆ ಭಾರ, ಮುಂದೆ ನೋಡಿ..."

ಕಲಿಸಲು ಬಂದಿದ್ದ ಕೋಚ್ ಕೈ ಎತ್ತಿ ನಿಲ್ಲಿಸಿದರು. "ಒಂದು ರೆಪ್‌ಗೆ ಆರು ಮಾತು ಹೇಳಿದ್ರಿ. ಇದ್ರಲ್ಲಿ ಯಾವ್ದನ್ನ ಹಿಡ್ಕೋಬೇಕು ಅವ್ರು?"

"ನಂಗೆ ಕೊನೇದೊಂದೇ ಕೇಳಿಸ್ತು ಸರ್" ಅಂತ ಹುಡುಗ ನಕ್ಕ.

"ಹೋಗ್ಲಿ, ಏನು ತಪ್ಪು ಕಾಣಿಸ್ತು ಹೇಳಿ."

ನನಗೆ ಉತ್ತರ ಬರಲಿಲ್ಲ. ಯಾಕೆಂದರೆ ನಾನು ನೋಡಿಯೇ ಇರಲಿಲ್ಲ. ಆರು ವರ್ಷದಿಂದ ಎದುರಿಗೆ ಯಾರೇ ಸ್ಕ್ವಾಟ್ ಮಾಡಿದರೂ ಮಗ್ಗಿ ಒಪ್ಪಿಸಿದ ಹಾಗೆ ಅದೇ ಆರು ಮಾತು ಒಪ್ಪಿಸುತ್ತಿದ್ದೆ.

ಅವರು ನನ್ನನ್ನು ಎದುರಿನಿಂದ ಪಕ್ಕಕ್ಕೆ ಕರೆದುಕೊಂಡು ಹೋಗಿ ನಿಲ್ಲಿಸಿದರು. ಅವನಿಗೆ ಇನ್ನೂ ಮೂರು ಸಲ ಮಾಡಲು ಹೇಳಿದರು, ನನಗೆ ಬಾಯಿ ಮುಚ್ಚಿಕೊಂಡಿರಲು ಹೇಳಿದರು. ಮೂರನೇ ಸಲ ಕಾಣಿಸಿತು. ತೀರಾ ಕೆಳಗೆ ಹೋದಾಗ ಅವನ ಹಿಮ್ಮಡಿ ನೆಲದಿಂದ ಚೂರೇ ಚೂರು ಏಳುತ್ತಿತ್ತು. ಕೋಚ್ ಅವತ್ತಿನ ವೇಳಾಪಟ್ಟಿಯ ಹಾಳೆಯನ್ನೇ ಮಡಚಿ ಹಿಮ್ಮಡಿ ಕೆಳಗೆ ಸಿಕ್ಕಿಸಿ, ಅದರ ತುದಿ ಹಿಡಿದು ಕುಕ್ಕರಗಾಲಲ್ಲಿ ಕೂತರು. "ನಾನು ಎಳೀತೀನಿ, ನೀವು ಬಿಡ್ಬೇಡಿ." ಅಷ್ಟೇ ಹೇಳಿದ್ದು. ಹುಡುಗ ಇಳಿದ. ಹಾಳೆ ಬರಲಿಲ್ಲ. ಮುಂದಕ್ಕೆ ಬಾಗುತ್ತಿದ್ದ ಎದೆಯೂ ತಾನಾಗೇ ನೆಟ್ಟಗಾಯಿತು. ನನ್ನ ಆರು ಮಾತಿನಲ್ಲಿ ಐದಕ್ಕೆ ಕೆಲಸವೇ ಇರಲಿಲ್ಲ.

ಹಾಳೆಯ ಉಪಾಯದ ಹಿಂದೆ ಏನಿದೆ ಅಂತ ಮಧ್ಯಾಹ್ನ ವಿವರಿಸಿದರು. ಮೈ ಚಲನೆ ಕಲಿಯುವ ಬಗೆಯನ್ನು ಅಧ್ಯಯನ ಮಾಡುವ ಗೇಬ್ರಿಯೆಲೆ ವುಲ್ಫ್ ಮತ್ತು ಜೊತೆಗಾರರು 1998ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಸ್ಕೀಯಿಂಗ್ ಹೋಲುವ ಯಂತ್ರದ ಮೇಲೆ ಜನರನ್ನು ನಿಲ್ಲಿಸಿ, ಕೆಲವರಿಗೆ ನಿಮ್ಮ ಪಾದದ ಮೇಲೆ ಗಮನ ಇಡಿ ಅಂದರು, ಕೆಲವರಿಗೆ ಪಾದದ ಕೆಳಗಿರುವ ಗಾಲಿಗಳ ಮೇಲೆ ಗಮನ ಇಡಿ ಅಂದರು. ಪಾದಕ್ಕೂ ಗಾಲಿಗೂ ಎಷ್ಟು ಮಹಾ ದೂರ ಹೇಳಿ? ಆದರೂ ಗಾಲಿಯ ಕಡೆ ಗಮನ ಇಟ್ಟವರೇ ಚೆನ್ನಾಗಿ ಕಲಿತರು. ಮೈಯೊಳಗಿನ ಭಾಗಕ್ಕೆ ಆಜ್ಞೆ ಕೊಡುವುದಕ್ಕಿಂತ ಹೊರಗಿನ ವಸ್ತುವಿನ ಮೇಲೆ ಗಮನ ಹರಿಸಿದರೆ ಮೈ ತನ್ನ ಕೆಲಸ ತಾನು ಮಾಡಿಕೊಳ್ಳುತ್ತದೆ.

ತಮಾಷೆ ಗೊತ್ತಾ? ಇದನ್ನು ನಾನು ಮೊದಲೇ ಓದಿದ್ದೆ. ಪರೀಕ್ಷೆಯಲ್ಲಿ ಸರಿಯಾದ ಉತ್ತರಕ್ಕೇ ಟಿಕ್ ಹಾಕಿದ್ದೆ.

ಅದಕ್ಕೇ ಈಗ ಹೊಸ ಟ್ರೈನರ್‌ಗಳು "ಯಾವ ಸರ್ಟಿಫಿಕೇಶನ್ ಮಾಡ್ಲಿ ಸರ್" ಅಂತ ಕೇಳಿದಾಗ ನಾನು ತಿರುಗಿ ಒಂದೇ ಪ್ರಶ್ನೆ ಕೇಳುತ್ತೇನೆ. ಅಲ್ಲಿ ನೀನು ಕಲಿಸುವುದನ್ನು ಯಾರಾದರೂ ನೋಡುತ್ತಾರಾ? ಓದಿ ಬರೆಯುವ ಪರೀಕ್ಷೆ ಬೇಡ ಅನ್ನುತ್ತಿಲ್ಲ. ಅಮೆರಿಕದ ಎನ್‌ಎಸ್‌ಸಿಎ ಸಂಸ್ಥೆಯವರ ಸಿಎಸ್‌ಸಿಎಸ್ ಅನ್ನುವ ಕೋಚಿಂಗ್ ಸರ್ಟಿಫಿಕೇಶನ್ 1985ರಿಂದ ಇದೆ. ಅದಕ್ಕೆ ಕೂರಬೇಕಾದರೆ ಡಿಗ್ರಿ ಬೇಕು, ಬೆವರಿಳಿಸಿ ಓದಬೇಕು. ಆ ಓದು ಇಲ್ಲದಿದ್ದರೆ ಒಬ್ಬರಿಗೆ ಆರು ತಿಂಗಳ ಪ್ರೋಗ್ರಾಮ್ ಬರೆಯುವುದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹೊರಟ ಹಾಗೆ. ಆದರೆ ಕಣ್ಣು ಪಳಗುವುದು ಬೇರೆ ವಿದ್ಯೆ. ಕ್ರಾಸ್‌ಫಿಟ್ ಅನ್ನುವ ವ್ಯಾಯಾಮ ಪದ್ಧತಿಯವರ ಮೊದಲ ಹಂತದ ಕೋರ್ಸ್ ಲೆವೆಲ್ 1ರ ಬಗ್ಗೆ ಎರಡು ದಿನದಲ್ಲಿ ಕೋಚ್ ಆಗಿಬಿಡ್ತಾರೆ ಅಂತ ನಗುವವರು ಜಾಸ್ತಿ. ನಾನೂ ನಕ್ಕಿದ್ದೇನೆ. ಆದರೆ ಒಂಬತ್ತೇ ಒಂಬತ್ತು ಚಲನೆಗಳನ್ನು ಹಿಡಿದುಕೊಂಡು ಗುಂಪು ಗುಂಪಾಗಿ ತಿದ್ದುವ ಆ ಕ್ರಮ ನನಗೆ ಇಷ್ಟ. ಕೆಟಲ್‌ಬೆಲ್‌ನವರ (ಹಿಡಿಕೆ ಇರುವ ಕಬ್ಬಿಣದ ಗುಂಡು) ಕೆಲವು ಸರ್ಟಿಫಿಕೇಶನ್‌ಗಳಲ್ಲಂತೂ 5 ನಿಮಿಷದಲ್ಲಿ 100 ಸ್ನ್ಯಾಚ್, ಅಂದರೆ ಗುಂಡನ್ನು ಒಂದೇ ಬೀಸಿಗೆ ತಲೆಯ ಮೇಲಕ್ಕೆ ಎತ್ತುವುದು, ಮುಗಿಸಬೇಕು. ಅಂಗೈ ಚರ್ಮ ಕಿತ್ತು ಬರುತ್ತದೆ. ಅದರಿಂದ ಒಳ್ಳೆಯ ಕೋಚ್ ಆಗ್ತಾರಾ ಅಂದರೆ ಇಲ್ಲ, ಆದರೆ ಫೇಲ್ ಆಗುವ ಭಯ ಇರುವ ಕಡೆ ಯಾರೂ ಫೋನ್ ನೋಡಿಕೊಂಡು ಕೂರುವುದಿಲ್ಲ.

ಫೋನ್ ನೋಡಿಕೊಂಡು ಕೂರುವ ಸೆಮಿನಾರ್‌ಗಳೂ ಇವೆ. ಸುಮಾರು ಸರ್ಟಿಫಿಕೇಟ್‌ಗಳನ್ನು ಎರಡು ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು, ಅದಕ್ಕೆ ಇಷ್ಟು ಗಂಟೆ ಕಲಿತಿದ್ದೇನೆ ಅಂತ ತೋರಿಸಬೇಕು. ಉದ್ದೇಶ ಒಳ್ಳೆಯದೇ. ನಡೆಯುವುದು ಮಾತ್ರ ಹಿಂದಿನ ಸಾಲಲ್ಲಿ ಕೂತು ಸಹಿ ಹಾಕಿ ಬರುವ ಕೆಲಸ. ಇಂಥದ್ದೇ ಒಂದು ಕಡೆ ಒಬ್ಬರು ಎರಡು ದಿನವೂ ತಮ್ಮ ಮೈಕಟ್ಟಿನ ಕಥೆಯನ್ನೇ ಹೇಳಿ, ಕೊನೆಗೆ ಎಲ್ಲರನ್ನೂ ನಿಲ್ಲಿಸಿ ಗ್ರೂಪ್ ಫೋಟೋ ತೆಗೆಸಿಕೊಂಡರು. ಆ ಫೋಟೋದಲ್ಲಿ ನಾನೂ ಹಲ್ಲು ಬಿಟ್ಟುಕೊಂಡು ನಿಂತಿದ್ದೇನೆ.

ಒಳ್ಳೆಯ ಸೆಮಿನಾರ್ ಹಳೇ ಪಾಪಗಳನ್ನೂ ಎದುರಿಗೆ ತಂದಿಡುತ್ತದೆ. ನಾನು ಎಷ್ಟೋ ಜನಕ್ಕೆ "ಮಂಡಿ ಕಾಲ್ಬೆರಳು ದಾಟಬಾರದು" ಅಂತ ಕಟ್ಟಪ್ಪಣೆ ಮಾಡಿದ್ದೆ. 2003ರಲ್ಲಿ ಫ್ರೈ ಅನ್ನುವ ಸಂಶೋಧಕರು ಮತ್ತು ಜೊತೆಗಾರರು ಇದನ್ನೇ ಅಳೆದಿದ್ದಾರೆ. ಮಂಡಿ ಮುಂದೆ ಹೋಗದಂತೆ ಹಲಗೆ ಅಡ್ಡ ಇಟ್ಟು ಸ್ಕ್ವಾಟ್ ಮಾಡಿಸಿದಾಗ ಮಂಡಿಯ ಮೇಲಿನ ಟಾರ್ಕ್ (ಕೀಲನ್ನು ತಿರುಗಿಸುವ ಬಲ) ಸುಮಾರು ಶೇ. 22ರಷ್ಟು ಇಳಿಯಿತು, ಸೊಂಟದ ಕೀಲಿನ ಮೇಲಿನದು ಹತ್ತು ಪಟ್ಟು ಏರಿತು. ಭಾರ ಎಲ್ಲೂ ಹೋಗುವುದಿಲ್ಲ, ಜಾಗ ಬದಲಾಯಿಸುತ್ತದೆ ಅಷ್ಟೇ. ಇದನ್ನು ಕೇಳಿದ ಕೂಡಲೇ ನನಗೆ ಹಳೆಯ ಕ್ಲೈಂಟ್ ಒಬ್ಬರು ನೆನಪಾದರು. ಉದ್ದ ತೊಡೆಯ ಮನುಷ್ಯ. ಮಂಡಿ ಹಿಂದಿಟ್ಟುಕೊಳ್ಳಿ ಅಂದಾಗಲೆಲ್ಲ ಹಿಂದಕ್ಕೆ ಬೀಳುತ್ತಿದ್ದರು. "ನಮ್ಮಂಥವ್ರಿಗೆ ಸ್ಕ್ವಾಟ್ ಆಗ್ಬರಲ್ಲ ಬಿಡಿ" ಅಂತ ಹೇಳಿ ಬಿಟ್ಟು ಹೋದರು. ನಾನೂ ಹೌದು ಅಂದುಕೊಂಡಿದ್ದೆ.

ಹಾಗಂತ ಸೆಮಿನಾರ್‌ನಿಂದ ಬಂದವನು ಮರುದಿನದಿಂದಲೇ ಒಳ್ಳೆಯ ಕೋಚ್ ಆದೆ ಅಂದುಕೊಳ್ಳಬೇಡಿ. ಸೋಮವಾರ ಬೆಳಿಗ್ಗೆ ಜಿಮ್‌ಗೆ ಬಂದ ಎಲ್ಲರ ಹಿಮ್ಮಡಿ ಕೆಳಗೂ ಹಾಳೆ ಇಟ್ಟೆ. ಹಿಮ್ಮಡಿ ಜನ್ಮದಲ್ಲಿ ಎದ್ದಿರದವರಿಗೂ ಇಟ್ಟೆ. ಆರು ಮಾತಿನ ಬದಲು ಒಂದು ಹಾಳೆ, ಆದರೆ ನೋಡದೆ ಕಲಿಸುವ ಚಾಳಿ ಅದೇ. ಅದು ಅರ್ಥವಾಗಲು ಎರಡು ವಾರ ಬೇಕಾಯಿತು.

ಈಗ ಆಗಾಗ ಫೋನನ್ನು ಗೋಡೆಗೆ ಒರಗಿಸಿಟ್ಟು ನಾನು ಕಲಿಸುವುದನ್ನು ರೆಕಾರ್ಡ್ ಮಾಡುತ್ತೇನೆ. ಕ್ಲೈಂಟ್‌ಗಳ ಒಪ್ಪಿಗೆ ಕೇಳಿಯೇ. ರಾತ್ರಿ ಕೂತು ನನ್ನ ಮಾತು ಎಣಿಸುತ್ತೇನೆ. ಕಳೆದ ವಾರ ಐದು ರೆಪ್‌ನ ಒಂದು ಸೆಟ್‌ನಲ್ಲಿ ನಾಲ್ಕು ಸಲ ಬಾಯಿ ತೆರೆದಿದ್ದೆ. ಮೂರು ಬೇಡವಾಗಿತ್ತು.