ಬೆಟ್ಟದ ಗಾಳಿ ಅರ್ಥವಾಗಬೇಕಾದರೆ ಬೆಟ್ಟಕ್ಕೇ ಹೋಗಬೇಕು

"ಎಐ ಬಂತಲ್ಲ, ಇನ್ಮೇಲೆ ಹವಾಮಾನ ಅದೇ ಹೇಳುತ್ತೆ. ಇನ್ನೂ ಯಾಕೆ ಬೆಟ್ಟ ಹತ್ತಿ ಬಲೂನ್ ಹಾರಿಸ್ತಾರೆ?" ಅಂತ ಗೆಳೆಯರೊಬ್ಬರು ಮೊನ್ನೆ ಕೇಳಿದರು. ಎರಡು ಮಾತಲ್ಲಿ ಉತ್ತರ ಹೇಳಿ ಮುಗಿಸಿದೆ. ಆದರೆ ಸಮಾಧಾನವಾಗಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮುನ್ಸೂಚನೆ ಕೊಡುವ ಕಂಪ್ಯೂಟರ್ ಮಾಡೆಲ್ ಭೂಮಿಯನ್ನು ಚೌಕ ಚೌಕವಾಗಿ ಹಂಚಿಕೊಳ್ಳುತ್ತದೆ. ಒಂದೊಂದು ಚೌಕಕ್ಕೂ ಒಂದು ಎತ್ತರ, ಒಂದು ಉಷ್ಣಾಂಶ, ಒಂದು ಗಾಳಿ. ಇವತ್ತಿನ ಹೆಸರಾಂತ ಎಐ ಮಾಡೆಲ್‌ಗಳು ಕಲಿತದ್ದು ಯುರೋಪಿನ ಇಆರ್‌ಎ5 ಅನ್ನುವ ಹಳೆಯ ಹವಾಮಾನದ ದಾಖಲೆಯಿಂದ. ಅದರ ಚೌಕ ಸುಮಾರು 31 ಕಿ.ಮೀ. ಅಗಲ. ಎರಡು ಮೂರು ಕಿ.ಮೀ. ಅಗಲದ ಕಣಿವೆ ಅದರಲ್ಲಿ ಎಲ್ಲಿ ಸಿಗಬೇಕು ಹೇಳಿ? ಶಿಖರ, ಕಮರಿ ಎಲ್ಲ ಕರಗಿ ಒಂದೇ ದಿಬ್ಬ ಆಗಿಬಿಟ್ಟಿರುತ್ತದೆ. ಇನ್ನೊಂದು ವಿಷಯ. ಯಾರೂ ಅಳತೆ ಮಾಡದ ಜಾಗದಲ್ಲಿ ಆ ದಾಖಲೆಯನ್ನು ತುಂಬಿರುವುದು ಮಾಡೆಲ್ಲಿನ ಲೆಕ್ಕವೇ. ಆ ಲೆಕ್ಕದಲ್ಲೇ ತಪ್ಪಿದ್ದರೆ, ಅದನ್ನು ಪಾಠ ಅಂತ ಓದಿದ ಎಐಗೆ ತಪ್ಪು ಗೊತ್ತಾಗುವುದಾದರೂ ಹೇಗೆ?

ಚೌಕ ಚಿಕ್ಕದು ಮಾಡಿದರೆ ಆಯ್ತಲ್ವಾ? ಒಂದಷ್ಟು ಸರಿಹೋಗುತ್ತದೆ. ಆದರೆ ನೆಲದಿಂದ ಗಾಳಿಗೆ ಶಾಖ, ತೇವ ಹೇಗೆ ಹೋಗುತ್ತದೆ ಅನ್ನುವುದಕ್ಕೆ ಸೂತ್ರ ಬೇಕೇ ಬೇಕು. ಅನೇಕ ಮಾಡೆಲ್‌ಗಳು ಬಳಸುವ ಸೂತ್ರದ ಬೇರು 1968ರಲ್ಲಿ ಅಮೆರಿಕದ ಕಾನ್ಸಾಸ್‌ನಲ್ಲಿ ನಡೆದ ಒಂದು ಪ್ರಯೋಗದಲ್ಲಿದೆ. ಕಣ್ಣು ಹಾಯಿಸಿದಷ್ಟೂ ಸಪಾಟು, ಗೋಧಿ ಕೊಯ್ದ ಹೊಲ, ನಡುವೆ 32 ಮೀಟರ್ ಎತ್ತರದ ಗೋಪುರ. ತುಂಬಾ ಒಳ್ಳೆಯ ಪ್ರಯೋಗ ಅದು. ಆದರೆ ಆ ಬಯಲಿನ ಲೆಕ್ಕವನ್ನೇ ಕಡಿದಾದ ಇಳಿಜಾರಿಗೂ ಹಾಕುತ್ತಾ ಬಂದಿದ್ದೇವೆ. ಇದು ಗೊತ್ತಾದ ದಿನ ನನಗೆ ನಿಜಕ್ಕೂ ಗಾಬರಿಯಾಯಿತು.

ಬೆಟ್ಟದಲ್ಲಿ ಏನಾಗುತ್ತದೆ ಅಂತ ಹೋಗಿ ನೋಡಿದಾಗ ಎಂಥ ವಿಚಿತ್ರಗಳು ಸಿಕ್ಕಿವೆ ಗೊತ್ತಾ! 1999ರ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಆಲ್ಪ್ಸ್‌ನಲ್ಲಿ ಮ್ಯಾಪ್ ಅನ್ನುವ ದೊಡ್ಡ ಕ್ಷೇತ್ರ ಅಧ್ಯಯನ ನಡೆಯಿತು. ದಕ್ಷಿಣದಿಂದ ತೇವದ ಗಾಳಿ ಬೆಟ್ಟ ಹತ್ತುತ್ತಿತ್ತು, ಮಳೆ ಸುರಿಯುತ್ತಿತ್ತು. ಮಳೆಹನಿಗಳ ಚಲನೆಯಿಂದ ಗಾಳಿಯ ವೇಗ ಅಳೆಯುವ ಡಾಪ್ಲರ್ ರಾಡಾರ್ ಕಣಿವೆಯೊಳಗೆ ನೋಡಿದಾಗ ತಳದ ಗಾಳಿ ಉಲ್ಟಾ ಕೆಳಮುಖವಾಗಿ ಹರಿಯುತ್ತಿತ್ತು! ಮೇಲೆ ಹತ್ತುವ ಗಾಳಿ, ಅದರ ಕೆಳಗೇ ಇಳಿಯುವ ಗಾಳಿ. ಇದಕ್ಕೆ ಒಂದು ಕಾರಣ ಮೇಲಿಂದ ಬೀಳುವ ಹಿಮ. ಅದು ಕರಗುವಾಗ ಗಾಳಿಯ ಶಾಖವನ್ನು ಹೀರುತ್ತದೆ. ತಣ್ಣಗಾಗಿ ಭಾರವಾದ ಗಾಳಿ ಕಣಿವೆಗುಂಟ ಜಾರುತ್ತದೆ. ಇದನ್ನು ಮಾಡೆಲ್ ತಪ್ಪಾಗಿ ಹಿಡಿದರೆ ಕಣಿವೆಯಲ್ಲಿ ಬೀಳುವುದು ಮಳೆಯೋ ಹಿಮವೋ ಅನ್ನುವುದೇ ಅದಲುಬದಲಾಗುತ್ತದೆ. ಮಳೆಯಾದರೆ ಅದೇ ದಿನ ಹೊಳೆಗೆ ನೀರು, ಹಿಮವಾದರೆ ವಾರಗಟ್ಟಲೆ ಅಲ್ಲೇ ಕೂತಿರುತ್ತದೆ.

ಬಲೂನ್ ವಿಷಯಕ್ಕೆ ಬರೋಣ. ಸಾಮಾನ್ಯವಾಗಿ ಹವಾಮಾನ ಕೇಂದ್ರಗಳು ದಿನಕ್ಕೆ ಎರಡು ಸಲ ಹಾರಿಸುತ್ತವೆ. ಬಿಳಿ ರಬ್ಬರಿನ ಬಲೂನು, ಅದಕ್ಕೆ ದಾರದಲ್ಲಿ ಕಟ್ಟಿದ, ಉಷ್ಣಾಂಶ, ತೇವ, ಗಾಳಿ ಅಳೆಯುವ ಅಂಗೈಯಗಲದ ಯಂತ್ರ. ಸೆಕೆಂಡಿಗೆ ಸುಮಾರು 5 ಮೀಟರ್ ಏರುತ್ತದೆ. ಸಾವಿರ ಮೀಟರ್ ಆಳದ ಕಣಿವೆಯನ್ನು ಮೂರೂವರೆ ನಿಮಿಷದೊಳಗೆ ದಾಟಿಬಿಡುತ್ತದೆ. ದಿನದ 24 ಗಂಟೆಯಲ್ಲಿ ಕಣಿವೆಯ ಗಾಳಿ ನಮಗೆ ಕಾಣುವುದು ಏಳು ನಿಮಿಷವೂ ಇಲ್ಲ! ಅದೂ ಅಲ್ಲಿ ಕೇಂದ್ರ ಇದ್ದರೆ. ಕ್ಷೇತ್ರ ಅಧ್ಯಯನದಲ್ಲಿ ರಾತ್ರಿಯೆಲ್ಲ ಎದ್ದು ಮೂರು ಗಂಟೆಗೊಂದು ಬಲೂನು ಬಿಡುವುದೂ ಉಂಟು. ಜೊತೆಗೆ ಲೇಸರ್ ಬೆಳಕಲ್ಲಿ ಗಾಳಿಯ ವೇಗ ಅಳೆಯುವ ಲೈಡಾರ್‌ಗಳು ಬಿಡುವಿಲ್ಲದೆ ನೋಡುತ್ತಿರುತ್ತವೆ.

ಫಲ ಸಿಕ್ಕಿದೆಯಾ? ಸಿಕ್ಕಿದೆ. ಅಮೆರಿಕದ ಕೊಲಂಬಿಯಾ ನದಿ ಕಮರಿಯ ಸುತ್ತ 2015ರಿಂದ 2017ರವರೆಗೆ 18 ತಿಂಗಳು ಅಳತೆ ಮಾಡಿದರು. ಚಳಿಗಾಲದಲ್ಲಿ ಅಲ್ಲಿ ತಣ್ಣನೆ ಗಾಳಿ ಬಟ್ಟಲಲ್ಲಿ ನೀರು ನಿಂತ ಹಾಗೆ ನಿಲ್ಲುತ್ತದೆ. ಮಾಡೆಲ್ ಅದನ್ನು ಬೇಗ ಖಾಲಿ ಮಾಡಿಬಿಡುತ್ತಿತ್ತು. ಮುನ್ಸೂಚನೆಯಲ್ಲಿ ಜೋರು ಗಾಳಿ, ಅಲ್ಲಿ ನೋಡಿದರೆ ಎಲೆಯೂ ಅಲ್ಲಾಡುತ್ತಿರಲಿಲ್ಲ. ಗಾಳಿ ಬೆರೆಯುವ ಸೂತ್ರವನ್ನು ತಿದ್ದಿದರು. ಆ ಕೆಲಸದಿಂದ ಬಂದ ತಿದ್ದುಪಡಿಗಳು ಅಮೆರಿಕದಲ್ಲಿ ದಿನಾ ಬಳಸುವ ಎಚ್‌ಆರ್‌ಆರ್‌ಆರ್ ಮಾಡೆಲ್‌ಗೆ ಸೇರಿದವು.

ಆದರೆ ಇದಕ್ಕೆಲ್ಲ ತಾಳ್ಮೆ ಬೇಕು. 1990ರಲ್ಲಿ ಫ್ರಾನ್ಸ್ ಮತ್ತು ಸ್ಪೇನ್ ನಡುವಿನ ಪಿರನೀಸ್ ಬೆಟ್ಟಸಾಲು ಗಾಳಿಯನ್ನು ಎಷ್ಟು ತಡೆಯುತ್ತದೆ ಅಂತ ಅಳೆದರು. ಕೆಳಗಿನ ಗಾಳಿ ಬೆಟ್ಟ ಹತ್ತದೆ ಬಳಸಿಕೊಂಡು ಹೋಗುವುದನ್ನೂ ಲೆಕ್ಕಕ್ಕೆ ತಂದ ಹೊಸ ಸೂತ್ರ, ಆ ಅಳತೆಗಳ ಮೇಲೆ ಪರೀಕ್ಷೆಯಾಗಿ ಪ್ರಕಟವಾದದ್ದು 1997ರಲ್ಲಿ. ಏಳು ವರ್ಷ! ಎರಡನೇ ವರ್ಷಕ್ಕೇ "ಏನು ಸಿಕ್ತು?" ಅಂತ ಕೇಳಿ ದುಡ್ಡು ನಿಲ್ಲಿಸಿದ್ದರೆ ಇದು ಬರುತ್ತಲೇ ಇರಲಿಲ್ಲ. ನನ್ನ ತಕರಾರು ಇರುವುದು ಇಲ್ಲೇ. ಅಳತೆಗೆ ಅಂತ ವಿಮಾನ ಹಾರುವಾಗ ಎಲ್ಲರಿಗೂ ಉತ್ಸಾಹ ಇರುತ್ತದೆ. ಆಮೇಲೆ ಕೂತು ಆ ಡೇಟಾ ಬಿಡಿಸುವವರ ಸಂಬಳಕ್ಕೆ ದುಡ್ಡು ಸಾಲುವುದಿಲ್ಲ.

ಆಲ್ಪ್ಸ್‌ನಲ್ಲಿ 2024-25ರಲ್ಲಿ ಟೀಮ್‌ಎಕ್ಸ್ ಅನ್ನುವ ಹೊಸ ಅಧ್ಯಯನ ನಡೆಯಿತು. ಅದರ ಒಂದು ಮುಖ್ಯ ತಾಣ ಆಸ್ಟ್ರಿಯಾದ ಇನ್ ಕಣಿವೆ. ಅದಕ್ಕೂ ಹತ್ತು ವರ್ಷಕ್ಕೂ ಮುಂಚಿನಿಂದ ಇನ್ಸ್‌ಬ್ರುಕ್ ವಿಶ್ವವಿದ್ಯಾಲಯದವರು ಅಲ್ಲಿ ಅಳತೆ ಕಂಬಗಳನ್ನು ನಿಲ್ಲಿಸಿದ್ದಾರೆ. ಒಂದು ಕಂಬ ಇರುವುದು ಸುಮಾರು 27 ಡಿಗ್ರಿ ಇಳಿಜಾರಿನಲ್ಲಿ. ಕಾನ್ಸಾಸ್‌ನ ಹೊಲಕ್ಕೆ ಸರಿಯಾದ ಉತ್ತರ ಅದು. ಅಂಥ ಕಂಬಗಳಿಗೆ ವರ್ಷವರ್ಷವೂ ಅನುದಾನ ಸಿಗಬೇಕು. ಬೇರೆ ಬೆಟ್ಟಸಾಲುಗಳಲ್ಲೂ ಅವು ಏಳಬೇಕು.